ಒಂದು ಹುಲಿ, ಮೂರು ಬಾಟಲಿ ಮದ್ದು

ನವೆಂಬರ್ 7, ಶುಕ್ರವಾರ

ಇವತ್ತಿನಿಂದ ದಿನಚರಿ. ನಾಳೆ ನನ್ನನ್ನು ಪೊಲೀಸರು ಕೊಂಡುಹೋದರೆ, ಅಥವಾ ಅವರಿಗಿಂತ ಮೇಲಿನವನೇ ಕೊಂಡುಹೋದರೆ, ಏನಾಯಿತೆಂದು ಹೇಳಲು ಒಂದು ಸಾಕ್ಷಿ ಬೇಕಲ್ಲ.

ಸಾಕ್ಷಿಯ ಹೆಸರು ಓಲ್ವಿನ್ ಮಿನೇಜಸ್. ಪ್ರಾಯ ಐವತ್ತೆಂಟು. ಊರು ಕಿನ್ನಿಗೋಳಿ, ಹಾಲಿ ವಸ್ತಿ ಒಮಾನಿನ ಇಬ್ರಾ. ಇಪ್ಪತ್ತನಾಲ್ಕು ವರ್ಷಗಳಿಂದ ಒಬ್ಬರೇ ಕಫೀಲರ, ಅಂದರೆ ವೀಸಾ ಕೊಟ್ಟ ಧಣಿಯ, ಮರದ ಕಾರ್ಖಾನೆಯಲ್ಲಿ ಬಾಗಿಲು, ಕಿಟಕಿ, ದಾರಂದ ಮಾಡಿಕೊಂಡು ಮರ್ಯಾದೆಯಲ್ಲಿದ್ದವ. ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಯವರೆಗೆ.

ಒಂಬತ್ತಕ್ಕೆ ಕಫೀಲರು, ಅಂದರೆ ನಮ್ಮೆಲ್ಲರ ಅರ್ಬಾಬ್ ನಾಸರ್, ಮನೆಯ ಮಜ್ಲಿಸಿಗೆ, ಅತಿಥಿಗಳು ಕೂರುವ ಚಾವಡಿಗೆ, ಕರೆಸಿದರು. ನಾನು ಖುಷಿಯಲ್ಲಿ ಹೋದೆ. ಜೇಬಿನಲ್ಲಿ ನನ್ನ ರಾಜೀನಾಮೆ ಕಾಗದ ಇತ್ತು. ಜನವರಿಗೆ ಊರಿಗೆ, ಖಲಾಸ್, ಇನ್ನು ವಾಪಸಿಲ್ಲ. ಅದಕ್ಕೆ ಅವರದೊಂದು ಸಹಿ ಬೇಕು. ಎರಡು ತಿಂಗಳಿಂದ ಕೇಳುತ್ತಿದ್ದೇನೆ. "ನಾಳೆ, ಇನ್ಶಾ ಅಲ್ಲಾ" ಅನ್ನುತ್ತಾರೆ. ನಾಳೆ ಹೋದರೆ "ಯಾವ ಕಾಗದ?" ಅನ್ನುತ್ತಾರೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಇಂಥ ಪಕ್ಕಾ ವೇಷ ನಮ್ಮ ಯಕ್ಷಗಾನ ಮೇಳದವರಿಗೂ ಬಾರದು.

ಚಾಪೆಯ ಮೇಲೆ ಉದ್ದನೆಯ ಪೆಟ್ಟಿಗೆ ಇತ್ತು. ಒಳಗೆ ಒಂದು ಕಬ್ಬಿಣದ ಕೊಳವೆ, ಒರಟು ಮರದ ತುಂಡು, ಒಂದು ಚೀಲ ತಿರುಪು. ಪರದೆ ಕಟ್ಟುವ ಸರಳು ಎಂದುಕೊಂಡೆ.

"ಕೋವಿ" ಎಂದರು ಅರ್ಬಾಬ್. "ಬಾಯಿಯಿಂದ ಮದ್ದು ತುಂಬುವುದು. ಬಿಡಿ ಬಿಡಿಯಾಗಿ ಬಂದರೆ ಅಗ್ಗ. ನೀನು ಕಟ್ಟು."

ನಾನು ಪೆಟ್ಟಿಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

ವಿಷಯ ಇಷ್ಟು. ಡಿಸೆಂಬರ್ ಹತ್ತೊಂಬತ್ತಕ್ಕೆ ಅವರ ಮೊಮ್ಮಗಳು ಬುಶ್ರಾಳ ಮದುವೆ. ಗಂಡಸರು ಸಾಲಾಗಿ ನಿಂತು, ಡೋಲಿಗೆ ಸರಿಯಾಗಿ ಕತ್ತಿ ಎತ್ತಿ, ಹಾಡಿ, ಕೋವಿ ಹಾರಿಸುತ್ತಾರೆ. ಬರೀ ಮದ್ದು, ಗುಂಡಿಲ್ಲ, ಸದ್ದು ಮಾತ್ರ. ಅವರ ತಾತನ ಕಾಲದ ಬತ್ತಿಕೋವಿ ಪಾಲಿನಲ್ಲಿ ಅವರ ಅಣ್ಣನ ಮನೆಗೆ ಹೋಗಿದೆ. "ಹೋದ ಮದುವೆಯಲ್ಲಿ ನಾನು ಬೆತ್ತ ಹಿಡಿದು ನಿಂತೆ, ಓಲ್ವಿನ್. ಬೆತ್ತ! ಅಣ್ಣ ನನ್ನನ್ನು ನೋಡಿ ನಕ್ಕ. ಇದು ನನ್ನ ಕೊನೆಯ ಮದುವೆ. ನಾನು ಕೋವಿ ಹಿಡಿದು ನಿಲ್ಲಬೇಕು."

ಪರವಾನಗಿ ಅವರ ಹೆಸರಲ್ಲಿ ಇದೆ, ಸರಿ. ಆದರೆ ನಾನೇ ಯಾಕೆ?

"ಹುಲಿ ಹೊಡೆದವನಿಗೆ ಇದೆಂಥ ದೊಡ್ಡದು?"

ಅದು ನನ್ನ ಪಾಪ. ಇಪ್ಪತ್ತನಾಲ್ಕು ವರ್ಷದ ಹಿಂದೆ, ಬಂದ ಮೊದಲ ವಾರ, ನಮ್ಮ ಮನೆಯವರು ಕೋವಿಯವರು ಅಂತ ಬಡಾಯಿ ಬಿಟ್ಟಿದ್ದೆ. ಏನು ಹೊಡೆದಿದ್ದೀ ಎಂದು ಕೇಳಿದರು. ಕಾಡುಹಂದಿ ಎನ್ನಲು ಹೊರಟವ, ಅವರ ಎದುರು ಹಂದಿಯ ಹೆಸರು ಎತ್ತುವುದು ಹೇಗೆಂದು ನಾಲಿಗೆ ಕಚ್ಚಿಕೊಂಡೆ. ಬೇರೆ ಯಾವ ಪ್ರಾಣಿಯ ಅರಬ್ಬಿ ಹೆಸರೂ ಬಾಯಿಗೆ ಬರಲಿಲ್ಲ, ಹುಲಿಯದ್ದು ಬಂತು. ಒಂದು ಗುಂಡು, ಒಂದು ಹುಲಿ. ಆ ಹುಲಿ ವರ್ಷವರ್ಷವೂ ಬೆಳೆದು ಈಗ ಲ್ಯಾಂಡ್ ಕ್ರೂಸರಿನಷ್ಟಾಗಿದೆ.

ನಿಜ ಏನೆಂದರೆ, ಚುನಾವಣೆ ಬಂದಾಗಲೆಲ್ಲ ಪಕ್ಕದ ಮನೆಯ ಶೆಟ್ರು ತಮ್ಮ ಕೇಪಿನ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಿತ್ತು. ಅವರ ಹಿಂದೆ ಕೋವಿ ಸುತ್ತಿದ ಗೋಣಿ ಹೊತ್ತು ನಡೆಯುತ್ತಿದ್ದವ ನಾನು. ಫಲಿತಾಂಶ ಬಂದ ಮೇಲೆ ವಾಪಸು ಹೊರುವವನೂ ನಾನೇ. ಹೀಗೆ ಎರಡು ಲೋಕಸಭೆ, ಎರಡು ವಿಧಾನಸಭೆ ಹೊತ್ತಿದ್ದೇನೆ. ಗೋಣಿ ಬಿಚ್ಚಿ ನೋಡಿದ್ದಿಲ್ಲ.

ಸಹಿ ಆಗಲಿಲ್ಲ.

ನವೆಂಬರ್ 12, ಬುಧವಾರ

ಒಪ್ಪಂದ ಹೀಗೆ: ಕಬ್ಬಿಣದ ಭಾಗ ಅರ್ಬಾಬರ ಮನೆ ಬಿಟ್ಟು ಕದಲುವುದಿಲ್ಲ. ಅವರ ಕಣ್ಣೆದುರೇ ಕೆಲಸ. ಮರ ಮಾತ್ರ ಕಾರ್ಖಾನೆಗೆ ಬರಬಹುದು. ಒಳ್ಳೆಯದೇ. ಕೋವಿ ಹಿಡಿದು ಇಬ್ರಾದ ಸೂಕಿನಲ್ಲಿ, ಪೇಟೆಯ ನಡುವೆ, ನಡೆಯುವ ಧೈರ್ಯ ಹುಲಿ ಹೊಡೆದವನಿಗೂ ಇಲ್ಲ.

ಮರ ಉಜ್ಜುತ್ತಿದ್ದೆ. ನಮ್ಮ ಡ್ರೈವರ್ ಸಿದ್ದೀಕ್, ಉಪ್ಪಿನಂಗಡಿಯ ಬ್ಯಾರಿ, ಚಹಾ ಹಿಡಿದು ಬಂದು ನಿಂತ.

"ಎಂತ ಪೊರ್ಬುಳೆ, ಕ್ರಿಕೆಟ್ ಬ್ಯಾಟಾ?" ನಮ್ಮ ಕಡೆ ಕ್ರಿಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ಕೋವಿಯ ಹಿಡಿ."

ಅವ ಚಹಾ ಕೆಳಗಿಟ್ಟ. "ನೀವು? ಮೊನ್ನೆ ಕುಕ್ಕರ್ ಸೀಟಿ ಹೊಡೆದದ್ದಕ್ಕೆ ಹೊರಗೆ ಓಡಿದವರು?"

"ಅದು ಜಾಗ್ರತೆ."

"ಪುಸ್ತಕ ಕೊಟ್ಟಿದ್ದಾರಲ್ಲ ಪೆಟ್ಟಿಗೆಯಲ್ಲಿ, ಓದಿದಿರಾ?"

ಓದಲಿಲ್ಲ. ಪುಸ್ತಕ ನೋಡಿ ಕೆಲಸ ಮಾಡುವುದು ನಿನ್ನೆ ಉಳಿ ಹಿಡಿದವರ ಹಣೆಬರಹ. ಅದರ ಮೇಲೆ ನಾನು ಪಾಲಿಶ್ ಡಬ್ಬಿ ಇಟ್ಟಿದ್ದೇನೆ. ನೆಲ ಕೊಳಕಾಗುವುದಿಲ್ಲ.

ನವೆಂಬರ್ 14, ಶುಕ್ರವಾರ

ಇವತ್ತು ಕಬ್ಬಿಣದ ಕೆಲಸ. ನಳಿಗೆಯನ್ನು ಮರಳುಕಾಗದದಲ್ಲಿ ಉಜ್ಜುವಾಗ ನನ್ನ ಬೆರಳಿಗೊಂದು ದೋಷ ಸಿಕ್ಕಿತು. ಹಿಂಬದಿಯ ಪಕ್ಕದಲ್ಲಿ ಒಂದು ತೂತು! ಸೂಜಿ ಹೋಗುವಷ್ಟು. ಅಗ್ಗದ ಮಾಲು ಅಂದರೆ ಹೀಗೆ, ಎರಕದಲ್ಲೇ ಗುಳ್ಳೆ ಬಿಟ್ಟು ಕಳಿಸಿದ್ದಾರೆ. ನನ್ನ ಕೈಯಿಂದ ತೂತಿರುವ ಮಾಲು ಈವರೆಗೆ ಹೊರಗೆ ಹೋದದ್ದಿಲ್ಲ. ಕಬ್ಬಿಣದ ಪುಟ್ಟಿ ಕಲಸಿ ತುಂಬಿದೆ, ಒಣಗಿಸಿದೆ, ಉಜ್ಜಿದೆ. ಈಗ ಉಗುರು ಎಳೆದರೂ ಗೊತ್ತಾಗದು. ಅರ್ಬಾಬರಿಗೆ ಹೇಳಲಿಲ್ಲ. ಮಾಲಿನ ದೋಷ ಗಿರಾಕಿಗೆ ಹೇಳಿ ಮನಸ್ಸು ಕೆಡಿಸಬಾರದು.

ಅವರು ಪಕ್ಕದಲ್ಲೇ ಕೂತು ಖರ್ಜೂರ ಬಿಡಿಸುತ್ತಾ "ಚೆನ್ನಾಗಿ ಬರುತ್ತಿದೆ, ಬಾದುಶಾ" ಎಂದರು.

ಬಾದುಶಾ ನನಗಿಂತ ಮೊದಲು ಇದ್ದ ಬಡಗಿ. ಬಿಟ್ಟು ಹೋಗಿ ಕಾಲು ಶತಮಾನ ಆಯಿತು. ಅವನ ಬಾಗಿಲುಗಳು ಮಳೆ ಬಾರದ ಈ ದೇಶದಲ್ಲೂ ಉಬ್ಬುತ್ತಿದ್ದವಂತೆ. ನನಗೆ ಅವನ ಹೆಸರು! ಇದು ಚುಚ್ಚುಮಾತು. ನಾನು ಕೇಳಿಸದವನಂತೆ ಉಜ್ಜಿದೆ.

ನವೆಂಬರ್ 23, ಭಾನುವಾರ

ಸಂಶಯ ಬಂದಿದೆ ಅವರಿಗೆ.

ಸೋಮವಾರ ಹುಲಿಯ ಕಥೆ ಹೇಳಿಸಿದರು. ಬುಧವಾರ ಮತ್ತೆ. ಇವತ್ತು ಮತ್ತೆ, ಮೊದಲ ಸಲ ಕೇಳುವವರ ಹಾಗೆ, ಮಂಡಿಯ ಮೇಲೆ ಕೈಯೂರಿ. ವಕೀಲರು ಹೀಗೇ ಮಾಡುವುದು. ಒಂದೇ ಪ್ರಶ್ನೆ ಮೂರು ದಿನ ಕೇಳಿ ಎಲ್ಲಿ ಬಾಯಿ ತಪ್ಪುತ್ತದೆ ಎಂದು ಕಾಯುತ್ತಾರೆ. ನಾನೇನು ಕಡಿಮೆಯೇ, ಮೂರೂ ಸಲ ಹುಲಿಯನ್ನು ಅದೇ ಬಂಡೆಯ ಹಿಂದಿನಿಂದ ಎಬ್ಬಿಸಿದೆ.

ಕಾಗದ ಎಂದೆ. "ಯಾವ ಕಾಗದ?" ಎಂದರು. ಶಾಬಾಶ್.

ನವೆಂಬರ್ 29, ಶನಿವಾರ

ಮುಗಿಯಿತು!

ನಳಿಗೆ ಕೂತಿತು, ಚಕಮಕಿ ಕಲ್ಲಿನ ಕುದುರೆ ಕೂತಿತು, ಮದ್ದು ಜಡಿಯುವ ಗಜ ನಳಿಗೆಯ ಕೆಳಗಿನ ತೋಡಿನಲ್ಲಿ ಜಾರಿ ಕೂತಿತು. ಅಭ್ಯಾಸಬಲ, ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟಕ್ಕೆ ಪೆನ್ಸಿಲ್ ಗುರುತನ್ನೂ ಹಾಕಿದೆ. ಯಾತಕ್ಕೆಂದು ಕೇಳಬೇಡಿ. ಬಡಗಿಯ ಕೈಗೆ ಉದ್ದದ ವಸ್ತು ಸಿಕ್ಕಿದರೆ ಗುರುತು ಹಾಕದೆ ಬಿಡದು.

ಮರಕ್ಕೆ ಕೊಟ್ಟ ಪಾಲಿಶ್ ಕಿನ್ನಿಗೋಳಿ ಇಗರ್ಜಿಯ ಬೆಂಚಿಗೆ ಅಪ್ಪ ಕೊಡುತ್ತಿದ್ದ ಪಾಲಿಶ್. ಅರ್ಬಾಬರು ಕೋವಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು, ಆಗ ಹುಟ್ಟಿದ ಮಗುವನ್ನು ತೆಗೆದುಕೊಂಡ ಹಾಗೆ. ಅಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತರು. ಎಪ್ಪತ್ತೊಂಬತ್ತರ ಮುದುಕರು ಅರುವತ್ತರವರ ಹಾಗೆ ಕಂಡರು. ನನ್ನ ಕಣ್ಣಿಗೆ ಪಾಲಿಶ್ ಹೊಗೆ ಹೋಯಿತು.

ಊರಲ್ಲಿರುವ ಹೆಂಡತಿ ಜೋಸ್ಲಿನಳಿಗೆ ಫೋಟೋ ಕಳಿಸಿದೆ. ಕೂಡಲೇ ಫೋನ್.

"ಅಯ್ಯೋ ದೇವಾ, ಎಂತ ಇದು? ನೀವು ಗೋಡೆಗೆ ಮೊಳೆ ಹೊಡೆಯುವಾಗಲೂ ಕಣ್ಣು ಮುಚ್ಚುವವರು!"

"ಕಲೆ ಮಾರಾಯ್ತಿ."

"ಕಲೆ ಇರಲಿ. ಕಾಗದ ಎಂತಾಯ್ತು?"

ಡಿಸೆಂಬರ್ 5, ಶುಕ್ರವಾರ

ಇವತ್ತಿನ ಅಕ್ಷರ ಸೊಟ್ಟಗಿರುವುದಕ್ಕೆ ಪೆನ್ನು ಕಾರಣವಲ್ಲ.

ನಮಾಜಿನ ನಂತರ ಕೋವಿ ಪರೀಕ್ಷೆಗೆಂದು ಅರ್ಬಾಬರು, ಸಿದ್ದೀಕ್, ನಾನು, ಮೂವರೂ ವಾದಿಗೆ ಹೋದೆವು. ಒಣಗಿದ ಹೊಳೆಯ ಪಾತ್ರ, ಸುತ್ತ ಕಲ್ಲುಗುಡ್ಡ, ಒಂದು ಜಾಲಿ ಮರ. ಮನುಷ್ಯರಿಲ್ಲ, ಆಡೂ ಇಲ್ಲ. ಅರ್ಬಾಬರು ಮದ್ದನ್ನು ತಾವೇ ಅಳೆದು ಔಷಧದ ಮೂರು ಪುಟ್ಟ ಬಾಟಲಿಗಳಲ್ಲಿ ತಂದಿದ್ದರು. ಒಂದು ಬಾಟಲಿಗೆ ಒಂದು ಈಡು. ನಾನು ಸಿದ್ದೀಕನ ಪಿಕಪ್ಪಿನ ಹಿಂದೆ ನಿಂತೆ. ಕಲಾವಿದ ತನ್ನ ಕೃತಿಯನ್ನು ದೂರದಿಂದ ನೋಡಬೇಕು.

ಅರ್ಬಾಬರು ಬಾಟಲಿ ಸುರಿದು, ಬಟ್ಟೆಯ ಉಂಡೆ ತುರುಕಿ, ಗಜದಿಂದ ಜಡಿದರು. ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ಮದ್ದು. ನಾನು ಕಣ್ಣು ಮುಚ್ಚಿ "ನಮಾನ್ ಮರಿಯೆ" ಜಪ ಶುರು ಮಾಡಿದೆ.

ಫುಸ್.

ಅಷ್ಟೇ. ಬಟ್ಟಲಲ್ಲಿ ಬೆಂಕಿ ಮಿಂಚಿತು, ನಳಿಗೆ ಉಸಿರೆತ್ತಲಿಲ್ಲ. ಅವರು ಮರದ ಕೆಳಗೆ ಕೂತು ಫ್ಲಾಸ್ಕಿನಿಂದ ಕಹ್ವಾ, ಅಂದರೆ ಅವರ ಅರಬ್ಬಿ ಕಾಫಿ, ಕುಡಿದರು, ಆಮೇಲೆ ಎದ್ದರು. ನಾನು ಮತ್ತೆ ಕಣ್ಣು ಮುಚ್ಚಿದೆ. ಮತ್ತೆ ಫುಸ್. ಮತ್ತೆ ಕಹ್ವಾ.

"ಪೊರ್ಬುಳೆ, ನಿಮ್ಮ ಕೋವಿಗೆ ಶೀತ ಆಗಿದೆ" ಎಂದ ಸಿದ್ದೀಕ್.

ಮೂರನೆಯ ಸಲ ಅವರು "ಯಲ್ಲಾ" ಎಂದಾಗ, ಏನೋ ಎಂಥದೋ, ಒಂದು ಕಣ್ಣು ತೆರೆದೆ. ಅವರು ಗಜ ಜಡಿಯುತ್ತಿದ್ದರು. ಗಜ ಅರ್ಧ ಗೇಣು ಹೊರಗೆ ನಿಂತಿತ್ತು. ನನ್ನ ಪೆನ್ಸಿಲ್ ಗುರುತು ನಳಿಗೆಯ ಬಾಯಿಗಿಂತ ಅಷ್ಟು ಮೇಲೆ.

ನಾನು ಸುಳ್ಳು ಹೇಳಿದ್ದುಂಟು. ನನ್ನ ಪೆನ್ಸಿಲ್ ಗುರುತು ಹೇಳಿದ್ದಿಲ್ಲ. ಒಳಗೆ ಒಂದಲ್ಲ, ಮೂರು ಈಡು ಇತ್ತು. ಪ್ರತಿ ಸಲವೂ ಅವರು ಮೊದಲಿನಿಂದ ತುಂಬಿದ್ದರು.

ನಾನು ಓಡಿದೆ. ಈ ಮೊಣಕಾಲಿಟ್ಟುಕೊಂಡು ಹೇಗೆ ಓಡಿದೆನೋ ತಿಳಿಯದು. ಅವರು ಕೋವಿ ಕೆನ್ನೆಗೆ ಏರಿಸಿದ್ದರು. ಕಿತ್ತುಕೊಂಡೆ. ಅನ್ನ ಕೊಟ್ಟ ಕಫೀಲರ ಕೈಯಿಂದ, ಕೊಂಕಣಿಯಲ್ಲಿ ಕಿರುಚುತ್ತಾ!

ಅರ್ಬಾಬರ ಬೆತ್ತ ಮೇಲೆದ್ದಿತು. "ಹುಚ್ಚು ಹಿಡಿಯಿತಾ ನಿನಗೆ?"

"ಮೂರು ಸಲ ತುಂಬಿದಿರಿ, ಅರ್ಬಾಬ್!"

"ಒಂದು ಸಲ!"

"ಮೂರು!"

"ಒಂದು ಎಂದೆನಲ್ಲ!"

ಸಿದ್ದೀಕ್ ಚಾಪೆಯ ಮೇಲಿದ್ದ ಬಾಟಲಿಗಳನ್ನು ಎತ್ತಿ ತಂದು ಅವರ ಮುಂದೆ ಹಿಡಿದ. ಮೂರೂ ಖಾಲಿ.

ಅವರು ಒಂದೊಂದನ್ನೇ ಅಂಗೈಯ ಮೇಲೆ ಬೋರಲು ಹಾಕಿದರು. ಕರಿ ಧೂಳು ಉದುರಿತು. ಯಾರೋ ತನ್ನ ಮನೆಗೆ ಬಂದು ಕುಡಿದಿಟ್ಟು ಹೋದ ಲೋಟವನ್ನು ನೋಡುವಂತೆ ಆ ಬಾಟಲಿಗಳನ್ನು ನೋಡುತ್ತಾ ನಿಂತರು. ಬೆತ್ತ ಕೆಳಗೆ ಬಂತು.

ಅದನ್ನು ನೋಡಿ ನನ್ನ ಬಾಯಿ ತನ್ನಷ್ಟಕ್ಕೆ ಬಿಚ್ಚಿಕೊಂಡಿತು. ಅರ್ಬಾಬ್, ನಾನು ಹುಲಿ ಹೊಡೆದಿಲ್ಲ. ಕೋವಿ ಮುಟ್ಟಿದ್ದೂ ಇಲ್ಲ. ಗೋಣಿ ಹೊತ್ತಿದ್ದೇನೆ, ಅಷ್ಟೇ. ಶೆಟ್ರು, ಠಾಣೆ, ಚುನಾವಣೆ, ಎಲ್ಲ ಹೇಳಿದೆ.

"ಹುಲಿಯೇ ಇಲ್ಲವಾ?"

"ಇಲ್ಲ."

"ಹಾಗಾದರೆ ಈ ಕೋವಿ ಯಾಕೆ ಹಾರಲಿಲ್ಲ?"

ಸಿದ್ದೀಕ್ ನಳಿಗೆಯ ಬದಿಯನ್ನು ಬೆರಳಲ್ಲಿ ಸವರುತ್ತಿದ್ದ. "ಬಟ್ಟಲಿನ ಬೆಂಕಿ ಒಳಗೆ ಹೋಗಲಿಕ್ಕೆ ಒಂದು ತೂತು ಬೇಡವಾ ಪೊರ್ಬುಳೆ?"

ತೂತು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಇತ್ತು ಅರ್ಬಾಬ್, ಎಂದೆ. ನಾನು ಮುಚ್ಚಿದೆ. ಚಂದ ಮಾಡಿ ಮುಚ್ಚಿದೆ. ಆ ಪುಟ್ಟಿ ಮೂರನೆಯ ಕಿಡಿಗೆ ಒಂದು ಎಳೆಯಷ್ಟು ಬಿರಿದಿದ್ದರೆ ನಳಿಗೆ ಅವರ ಕೆನ್ನೆಯ ಪಕ್ಕದಲ್ಲೇ ಸಿಡಿಯುತ್ತಿತ್ತು.

ಅವರು ನಕ್ಕರು. ಕೆಮ್ಮು ಬರುವಷ್ಟು ನಕ್ಕರು. ಒಳಗಿನ ಮದ್ದು ನೆನೆಯಲೆಂದು ನಳಿಗೆಗೆ ಕ್ಯಾನಿನ ನೀರೆಲ್ಲ ಸುರಿಸಿದರು. ಪಿಕಪ್ ಹತ್ತುವಾಗ ನನ್ನ ತೋಳು ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: "ಹಮದ್‌ಗೆ ಹೇಳಬೇಡ."

ಹಮದ್ ಅವರ ಮಗ. ಹೇಳಬಾರದ್ದು ಹುಲಿಯ ವಿಷಯವೋ, ಬಾಟಲಿಯದ್ದೋ, ಕೇಳುವ ಧೈರ್ಯ ಆಗಲಿಲ್ಲ.

ಡಿಸೆಂಬರ್ 6, ಶನಿವಾರ

ಹಮದ್‌ಗೆ ಹೇಳಿದೆ.

ಕೆಲಸ ಹೋದರೂ ಹೋಗಲಿ ಎಂದು ಹೇಳಿದೆ. ಬಾದುಶಾ ಎಂದು ಕರೆದದ್ದು, ಹುಲಿಯ ಕಥೆ ಮೂರು ಸಲ ಕೇಳಿದ್ದು, ಯಾವ ಕಾಗದ ಎಂದದ್ದು. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸತೊಡಗಿತು. ಇಷ್ಟು ದಿನ ಅದನ್ನೆಲ್ಲ ನಾಟಕ ಎಂದುಕೊಂಡು ಕೂತಿದ್ದ ಮಹಾ ಬುದ್ಧಿವಂತ ನಾನು.

ಹಮದ್ ಎದ್ದು ಬಾಗಿಲು ಮುಚ್ಚಿ ಬಂದು ಕೂತ. "ಮಸ್ಕತ್ತಿನ ಡಾಕ್ಟರು ಮಾರ್ಚಿನಲ್ಲೇ ಹೇಳಿದ್ದಾರೆ. ನಾವು ಅಪ್ಪನಿಂದ ಮುಚ್ಚಿಟ್ಟೆವು. ಅಪ್ಪ ನಮ್ಮಿಂದ ಮುಚ್ಚಿಟ್ಟರು."

ನನ್ನ ಪುಟ್ಟಿಯ ಹಾಗೆ. ಉಗುರಿಗೂ ಸಿಗದಂತೆ.

ಮದುವೆಯಲ್ಲಿ ಕೋವಿ ಬೇಡ ಎಂದ. ಒಂದು ಸಲ, ಒಂದೇ ಸಲ ಎಂದು ಬೇಡಿಕೊಂಡೆ. ನಾನೇ ಪಕ್ಕದಲ್ಲಿರುತ್ತೇನೆ, ಎಣಿಸುತ್ತೇನೆ. ಕುಕ್ಕರ್ ಸೀಟಿಗೆ ಓಡುವ ನಾನು!

ಡಿಸೆಂಬರ್ 10, ಬುಧವಾರ

ಹಮದ್ ಕೋವಿಯನ್ನು ನಿಜ್ವಾ ಪಟ್ಟಣದ ಕೋವಿ ರಿಪೇರಿಯವರಲ್ಲಿಗೆ ಕೊಂಡುಹೋದ. ಅವರು ಮೂರು ಉಂಡೆ ಹೊರಗೆ ತೆಗೆದು, ತೂತು ಬಿಡಿಸಿ, ನಳಿಗೆ ಪರೀಕ್ಷಿಸಿ ಸರಿ ಇದೆ ಎಂದರಂತೆ. ಜತೆಗೊಂದು ಪ್ರಶ್ನೆ: ಈ ತೂತು ಮುಚ್ಚಿದ ಕೈ ಯಾರದ್ದು? ಇಷ್ಟು ನಾಜೂಕಿನ ಕೆಲಸ ನಾವು ನೋಡಿಲ್ಲ.

ಜೀವಮಾನದಲ್ಲಿ ಸಿಕ್ಕ ದೊಡ್ಡ ಸರ್ಟಿಫಿಕೇಟು. ಯಾರಿಗೂ ತೋರಿಸುವ ಹಾಗಿಲ್ಲ.

ಪಾಲಿಶ್ ಡಬ್ಬಿ ಎತ್ತಿ ಪುಸ್ತಕ ಓದಿದೆ. ಎರಡನೇ ಪುಟದಲ್ಲೇ ಉಂಟು, ತೂತಿನ ಚಿತ್ರ, ಬಾಣದ ಗುರುತು ಸಮೇತ.

ಡಿಸೆಂಬರ್ 19, ಶುಕ್ರವಾರ

ಮದುವೆ. ಸಂಜೆಯ ಬಿಸಿಲು, ಅಂಗಳ ತುಂಬ ಬಿಳಿ ದಿಶ್‌ದಾಶ ನಿಲುವಂಗಿಗಳು, ಡೋಲು. ಎರಡು ಸಾಲು ಗಂಡಸರು. ಅರ್ಬಾಬರ ಅಣ್ಣ ಒಂದು ಕೈಯಲ್ಲಿ ತಾತನ ಬತ್ತಿಕೋವಿ, ಇನ್ನೊಂದರಲ್ಲಿ ಕಹ್ವಾದ ಲೋಟ ಹಿಡಿದು ನಿಂತಿದ್ದರು. ಎದುರು ನಮ್ಮ ಅರ್ಬಾಬ್. ಅವರ ಬಲಗಡೆ ಹಮದ್, ಎರಡು ಹೆಜ್ಜೆ ಹಿಂದೆ ನಾನು, ಇಸ್ತ್ರಿ ಹಾಕಿದ ಅಂಗಿಯಲ್ಲಿ.

ಒಂದೇ ಬಾಟಲಿ ಕೊಟ್ಟೆ. ಬೇರೆ ಬಾಟಲಿ ಇರಲೇ ಇಲ್ಲ. ಅವರು ತುಂಬಿದರು, ಜಡಿದರು. ಪೆನ್ಸಿಲ್ ಗುರುತು ನಳಿಗೆಯ ಬಾಯಿಗಿಂತ ಎರಡು ಬೆರಳು ಮೇಲೆ, ಸರಿಯಾಗಿ ಎರಡೇ. ಹಮದ್‌ಗೆ ತಲೆ ಅಲ್ಲಾಡಿಸಿದೆ. ಕೋವಿ ಆಕಾಶಕ್ಕೆ ಎದ್ದಿತು.

ನಾನು ಕಣ್ಣು ಮುಚ್ಚಲಿಲ್ಲ. ಸಾಕ್ಷಿ ಇದನ್ನು ಒತ್ತಿ ಹೇಳುತ್ತಾನೆ.

ಢಂ!

ಗುಡ್ಡ ತಿರುಗಿ ಢಂ ಎಂದಿತು. ಪಾರಿವಾಳ ಎದ್ದವು. ಅಣ್ಣನ ಕೈಯಿಂದ ಕಹ್ವಾದ ಲೋಟ ಬಿತ್ತು, ಅದನ್ನು ನೋಡಿ ಇಡೀ ಸಾಲು ಕೂಗಿತು. ಹೊಗೆಯೊಳಗಿನಿಂದ ಅರ್ಬಾಬರು ನನ್ನತ್ತ ತಿರುಗಿದರು. ಗಡ್ಡದ ತುಂಬ ಮಸಿ, ಮುಖದ ತುಂಬ ನಗೆ.

ಸಾಲು ಮುಂದಕ್ಕೆ ಸರಿಯಿತು, ಡೋಲು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವರು ಕೋವಿಯನ್ನು ನೋಡಿದರು, ನನ್ನನ್ನು ನೋಡಿದರು. ಬಾಟಲಿಗಾಗಿ ಕೈ ಚಾಚಿದರು.

"ಯಲ್ಲಾ, ಕೊಡು. ನನ್ನ ಸರದಿ ಬಂತಲ್ಲ."

"ಹೊಡೆದಾಯಿತು, ಅರ್ಬಾಬ್."

"ನಾನಾ?"

ಅವರ ಗಡ್ಡದಲ್ಲಿ ಮಸಿ ಇನ್ನೂ ಬೆಚ್ಚಗಿತ್ತು. ವಾದಿಯಲ್ಲಿ ಮೂರು ಈಡು ನೋಡಿ ಬೆಚ್ಚಿದವ ನಾನು, ಆದರೆ ಈ ಎರಡಕ್ಷರಕ್ಕೆ ಎದೆ ನಿಂತೇ ಹೋಯಿತು.

"ನೀವೇ" ಎಂದೆ. "ಎಂಥ ಈಡು! ನಿಮ್ಮ ಅಣ್ಣನ ಅಂಗಿ ನೋಡಿ."

ಅಣ್ಣನ ಎದೆಯ ಮೇಲೆ ಕಹ್ವಾದ ಕಲೆ. ಅವರು ಅದನ್ನು ನೋಡಿದರು, ತುಂಬ ಹೊತ್ತು, ತೃಪ್ತಿಯಲ್ಲಿ. ಬೆನ್ನು ಮತ್ತೆ ನೆಟ್ಟಗಾಯಿತು.

ಡಿಸೆಂಬರ್ 28, ಭಾನುವಾರ

ಈಗೀಗ ಕೆಲಸ ಬಿಟ್ಟ ಮೇಲೆ ಮಜ್ಲಿಸಿಗೆ ಹೋಗಿ ಒಂದು ಗಂಟೆ ಕೂರುತ್ತೇನೆ. ಪಾಲಿಶ್ ಮಂಕಾಗಿದೆಯೋ ನೋಡಬೇಕಲ್ಲ. ಕೋವಿ ಗೋಡೆಯಲ್ಲಿದೆ, ಮದ್ದು ಹಮದನ ಬೀಗದಲ್ಲಿದೆ.

ಇವತ್ತು ಖರ್ಜೂರದ ತಟ್ಟೆ ನನ್ನ ಕಡೆ ಸರಿಸಿ "ಓಲ್ವಿನ್, ನಿಮ್ಮೂರಲ್ಲಿ ಹುಲಿ ಹೊಡೆದೆಯಂತಲ್ಲ, ಹೇಗೆ?" ಎಂದರು.

ವಾದಿಯಲ್ಲಿ ನಾನು ಒಪ್ಪಿಕೊಂಡದ್ದೆಲ್ಲ ಹೋಗಿದೆ. ಮತ್ತೊಮ್ಮೆ ಒಪ್ಪಿಕೊಳ್ಳೋಣ ಎಂದು ಬಾಯಿ ತೆರೆದೆ. ಅವರು ಮಂಡಿಯ ಮೇಲೆ ಕೈಯೂರಿ ಮುಂದೆ ಬಾಗಿದ್ದರು. ಬಾಯಿ ಹೇಗೂ ತೆರೆದಿತ್ತು, ಹುಲಿಯನ್ನು ಬಂಡೆಯ ಹಿಂದಿನಿಂದ ಎಬ್ಬಿಸಿದೆ. ಈ ಸಲ ಎರಡು ಮರಿಗಳೂ ಇದ್ದವು. ಆದ್ದರಿಂದ ಹೊಡೆಯದೆ ಬಿಟ್ಟೆ. ಅವರಿಗೆ ಅದು ಬಹಳ ಹಿಡಿಸಿತು.

ಎದ್ದು ಹೊರಟಾಗ ಅಂಗೈ ನೋಡಿಕೊಂಡರು. ಅಲ್ಲಿ ಪೆನ್ನಿನಲ್ಲಿ ಏನೋ ಬರೆದುಕೊಂಡಿದ್ದರು.

"ನಿನ್ನದೊಂದು ಕಾಗದ ಇತ್ತಲ್ಲ. ಕೊಡು, ಮರೆಯುವ ಮೊದಲು ಸಹಿ ಹಾಕುತ್ತೇನೆ."

ಅಂಗಿಯ ಜೇಬು ತಡಕಿದೆ, ಪ್ಯಾಂಟಿನ ಜೇಬು ತಡಕಿದೆ. "ಅಯ್ಯೋ, ರೂಮಿನಲ್ಲೇ ಬಿಟ್ಟು ಬಂದೆ, ಅರ್ಬಾಬ್" ಎಂದೆ. "ನಾಳೆ, ಇನ್ಶಾ ಅಲ್ಲಾ."

ರೂಮಿಗೆ ಬಂದಾಗ ಜೋಸ್ಲಿನಳ ಫೋನ್. "ಜನವರಿ ಅಂದಿರಲ್ಲ, ಯಾವ ಜನವರಿ?" ಎಂದಳು. ಏನೇನೋ ತೊದಲಿದೆ. "ಸಾಕು, ವಿಸಿಟ್ ವೀಸಾ ಕಳಿಸಿ, ನಾನೇ ಬರುತ್ತೇನೆ. ನಿಮ್ಮ ಹುಲಿಯನ್ನು ಒಮ್ಮೆ ನೋಡುವ" ಎಂದು ಇಟ್ಟಳು.

ಇದನ್ನು ಬರೆಯಲು ಪೆನ್ನು ತೆಗೆಯುವಾಗ ಅಂಗಿಯ ಜೇಬಿನಿಂದ ಕಾಗದ ಕೆಳಗೆ ಬಿತ್ತು. ಅಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ. ಮರೆವು ಅಂಟುರೋಗ ಅಂತ ಕಾಣುತ್ತದೆ.